ಎರಡು ಬೆರಳು ಸರಿಯದ ಗೋಡೆ

ನಮ್ಮ ಭಾವ ಜೀವಮಾನದಲ್ಲಿ ಯಾರ ಜೊತೆಗೂ ಜಗಳ ಆಡಿದವರಲ್ಲ. ಬೇಕಾದರೆ ಅವರನ್ನೇ ಕೇಳಿ! ಅವರು ಕರಾರು ಮಾಡಿಕೊಳ್ಳುತ್ತಿದ್ದರು, ಅಷ್ಟೇ. ಜಗಳ ತನ್ನಷ್ಟಕ್ಕೆ ತಾನು ಬಂದು ಜಗಲಿಯ ಮೇಲೆ ಕೂತಿರುತ್ತಿತ್ತು.

ಭಾವ ಅಂದರೆ ನನ್ನ ಅಕ್ಕನ ಗಂಡ. ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆಯ ಕಟ್ಟಡ ವಿಭಾಗದಲ್ಲಿ ಇಂಜಿನಿಯರು. ಅರವತ್ತರ ದಶಕದ ಕೊನೆಯ ಮಾತು ಇದು. ಅಲ್ಲಿನ ವಿಜ್ಞಾನಿಗಳು ಆಕಾಶ ನೋಡುತ್ತಿದ್ದರೆ ಭಾವ ಅವರ ಕಾಲಡಿಯ ಸಿಮೆಂಟು ನೋಡುತ್ತಿದ್ದರು. ನಾನು ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಬ್ಯಾಂಕ್ ಗುಮಾಸ್ತ. ಕೆಳಗೆ ಮೆಣಸಿನ ಮಂಡಿ, ಮೇಲೆ ನಮ್ಮ ಬ್ಯಾಂಕು, ದಿನವಿಡೀ ಸೀನು. ನಾವೆಲ್ಲ ತಿಪಟೂರಿನವರು. ಇಡೀ ಕೇರಳದಲ್ಲಿ ನನ್ನನ್ನು ಕನ್ನಡದಲ್ಲಿ ಬೈಯುವ ಹಕ್ಕಿದ್ದವರು ಅಕ್ಕ ಭಾವ ಇಬ್ಬರೇ. ಆ ಬೈಗುಳದ ಆಸೆಗೆ ತಿಂಗಳಿಗೆರಡು ಶನಿವಾರ ಅರ್ಧ ದಿನದ ಬ್ಯಾಂಕು ಮುಗಿಸಿ, ದೋಣಿ ಹತ್ತಿ ಎರ್ನಾಕುಲಂ ಸೇರಿ, ಮೀಟರ್ ಗೇಜ್ ರೈಲಿನಲ್ಲಿ ಕುಲುಕಿಕೊಂಡು ಅವರ ಮನೆಗೆ ಹೋಗುತ್ತಿದ್ದೆ. ಹೋಗದಿದ್ದರೆ ನನ್ನ ಆಯಸ್ಸು ನಾಲ್ಕು ವರ್ಷ ಹೆಚ್ಚುತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಹಾಲಿನ ಕಥೆ ಹೇಳಿದರೆ ನಿಮಗೆ ಭಾವ ಪೂರ್ತಿ ಅರ್ಥವಾಗುತ್ತಾರೆ. ಅವರ ಬಾಡಿಗೆ ಮನೆಗೆ ಹಾಲು ಹಾಕುತ್ತಿದ್ದವಳು ಅಮ್ಮಿಣಿ. ಮೊದಲು ‘ತಿಂಗಳಿಗೆ ಇಷ್ಟು ದುಡ್ಡು, ಮನೆಗೆ ಸಾಕಾಗುವಷ್ಟು ಹಾಲು’ ಅಂತ ಕರಾರಾಯಿತು. ಎಷ್ಟು ಹಾಲು ಸಾಕು ಅನ್ನುವುದನ್ನು ಅಮ್ಮಿಣಿಯೇ ನಿರ್ಧರಿಸತೊಡಗಿದಳು, ಕಾಫಿ ದಿನದಿನಕ್ಕೆ ಕಪ್ಪಾಯಿತು. ಭಾವ ಕರಾರು ಬದಲಿಸಿದರು: ಇನ್ನು ಮೇಲೆ ಅಳತೆಗೆ ತಕ್ಕ ದುಡ್ಡು. ಮರುದಿನದಿಂದಲೇ ಅವಳ ಹಸು ಎರಡರಷ್ಟು ಕರೆಯಿತು, ಕಾಫಿ ಮಾತ್ರ ನೀಲಿ! ಆಮೇಲೆ ‘ಹುಲ್ಲು ಹಿಂಡಿ ನಮ್ಮದು, ಕರೆಯುವುದಷ್ಟೇ ನಿನ್ನದು’ ಅಂತ ಮೂರನೇ ಕರಾರು. ನಮ್ಮ ಹಿಂಡಿ ತಿಂದು ಅಮ್ಮಿಣಿಯ ಮೂರು ಹಸುಗಳೂ, ಪಕ್ಕದ ಮನೆಯ ಎಮ್ಮೆಯೂ ದುಂಡಗಾದವು. ಅಕ್ಕ ತಲೆ ಚಚ್ಚಿಕೊಂಡು, “ರೀ, ಒಂದು ಚೊಂಬು ತಗೊಂಡು ಹೋಗಿ ನೀವೇ ಕರ್ಕೊಂಡು ಬನ್ನಿ” ಅಂದಳು. ಭಾವ ಆ ಸೂಚನೆಯನ್ನೂ ಗಂಭೀರವಾಗಿ ಪರಿಶೀಲಿಸುತ್ತಿದ್ದರು ಅಂತ ನನಗೆ ಗುಮಾನಿ.

“ಅಮ್ಮಿಣಿದು ತಪ್ಪಿಲ್ಲ ಕಣೋ” ಅಂದರು ನನ್ನ ಹತ್ತಿರ. “ಇಡಿಯಾಗಿ ಕೊಟ್ರೆ ಕಡಿಮೆ ಮಾಡ್ತಾರೆ, ಅಳೆದು ಕೊಟ್ರೆ ಉಬ್ಬಿಸ್ತಾರೆ, ಸಾಮಾನು ನಮ್ಮದು ಅಂದ್ರೆ ಪೋಲು ಮಾಡ್ತಾರೆ. ಅವರವರ ಸ್ವಭಾವ ಅಲ್ಲ ಅದು. ಕಾಗದದಲ್ಲಿ ಬರ್ದಿರೋ ಹಾಗೆ ಮನುಷ್ಯ ನಡ್ಕೋತಾನೆ. ಸರಿಯಾದ ಕಾಗದ ಹುಡುಕಬೇಕು, ಅಷ್ಟೇ.”

ಇಂಥವರು ಮನೆ ಕಟ್ಟಲು ಹೊರಟರು! ಅಕ್ಕನ ಗ್ರಹಚಾರ ಅನ್ನಬೇಕೋ ನನ್ನದು ಅನ್ನಬೇಕೋ?

ಮನೆ ಬೇಕು ಅಂದದ್ದು ಅಕ್ಕನೇ. ಬಾಡಿಗೆ ಮನೆಯೊಡತಿ ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ದೇವರ ಪಟಗಳೆಲ್ಲ ಕುರ್ಚಿಯ ಮೇಲೆ ಒರಗಿ ಕೂತಿರುತ್ತಿದ್ದವು. ಯಾರಾದರೂ ಬಂದರೆ ದೇವರು ಎದ್ದು ಜಾಗ ಬಿಡಬೇಕು. ಆದರೆ ಮೊಳೆ ಬರೀ ನೆಪ. ಅಕ್ಕನಿಗೆ ಎರಡು ಮಕ್ಕಳು ಹುಟ್ಟಿ ಹೋಗಿದ್ದವು. ಒಂದು ಹನ್ನೊಂದು ದಿನಕ್ಕೆ, ಇನ್ನೊಂದು ಮೂರು ತಿಂಗಳಿಗೆ. ಎರಡೂ ಆ ಬಾಡಿಗೆ ಮನೆಯ ಅದೇ ನಡುಕೋಣೆಯಲ್ಲಿ. “ಇನ್ನೊಂದು ಅಂತ ಆದ್ರೆ ನಾನು ಅದನ್ನ ಈ ಮನೆಗೆ ಎತ್ಕೊಂಡು ಬರಲ್ಲ” ಅಂತ ಅಕ್ಕ ಒಂದು ಸಲ ಹೇಳಿದ್ದಳು. ಎರಡನೆಯ ಸಲ ಅವಳೂ ಹೇಳಲಿಲ್ಲ, ನಾವೂ ಆ ಮಾತು ತೆಗೆಯಲಿಲ್ಲ. ಮುಂದಿನ ವಾರವೇ ಭಾವ ಉಳ್ಳೂರಿನ ಕಡೆ ಇಳಿಜಾರಿನಲ್ಲಿ ಒಂದು ಸೈಟು ನೋಡಿ ಬಂದರು.

ನಕ್ಷೆ ಅವರದೇ. ಒಂದು ಹಜಾರ, ಅಡುಗೆಮನೆ, ಬಚ್ಚಲು, ಒಳಗೆ ಪೂರ್ವಕ್ಕೆ ಕಿಟಕಿಯಿರುವ ಒಂದು ಕೋಣೆ. ಆ ಕೋಣೆಗೆ ಅವರು ನಕ್ಷೆಯಲ್ಲಿ ಏನೂ ಹೆಸರು ಬರೆದಿರಲಿಲ್ಲ. ಬೇರೆಲ್ಲದಕ್ಕೂ ಬರೆದಿದ್ದರು. ಅದು ಯಾರ ಕೋಣೆ ಅಂತ ನಮ್ಮೆಲ್ಲರಿಗೂ ಗೊತ್ತಿತ್ತು.

ಕೆಲಸಕ್ಕೆ ಸಿಕ್ಕವನು ತೋಮಾಚ್ಚನ್ ಮೇಸ್ತ್ರಿ. ಕಪ್ಪಗೆ, ಗಟ್ಟಿಮುಟ್ಟಾಗಿ, ಕಿವಿಯ ಮೇಲೊಂದು ಬೀಡಿ ಸಿಕ್ಕಿಸಿಕೊಂಡಿದ್ದ ಸಜ್ಜನ. ಅವನನ್ನು ಜಗಲಿಯಲ್ಲಿ ಕೂರಿಸಿ ಭಾವ ಹದಿನಾಲ್ಕು ಪುಟದ ಕರಾರು ಓದಿದರು. ಇಡಿ ಗುತ್ತಿಗೆ: ಮನೆಗೆ ಒಟ್ಟು ಇಷ್ಟು, ನಕ್ಷೆಯಲ್ಲಿ ಇರುವುದೆಲ್ಲ ಮೇಸ್ತ್ರಿಯ ಹೊಣೆ. ಸಾಕ್ಷಿಗೆ ನಾನು. ತೋಮಾಚ್ಚನ್ ಎರಡು ಸಲ ಆಕಳಿಸಿ, “ಸಾರೇ, ಇಷ್ಟು ಕಾಗದಕ್ಕೆ ನಾನು ಒಂದು ಗೋಡೆ ಎತ್ತಿಬಿಡುತ್ತಿದ್ದೆ” ಅಂದು ಸಹಿ ಹಾಕಿದ. ಅವನು ಮಾತಾಡುತ್ತಿದ್ದದ್ದು ಮಲಯಾಳದಲ್ಲಿ. ನಿಮಗೋಸ್ಕರ ಕನ್ನಡಕ್ಕೆ ತಂದಿದ್ದೇನೆ, ಬೈಗುಳ ಬಿಟ್ಟು.

ಪಾಯ ಎದ್ದಿತು. ಇಳಿಜಾರು ಸೈಟು, ಮುಂದುಗಡೆ ನೆಲಗಟ್ಟು ಸೊಂಟದೆತ್ತರ. ಅಕ್ಕ ಅರಿಸಿನ ಕುಂಕುಮ ಹಿಡಿದುಕೊಂಡು ಪೂಜೆಗೆ ಬಂದಳು. ಬಂದವಳು ನೆಲಗಟ್ಟಿನ ಮುಂದೆ ನಿಂತು, “ಹತ್ತೋದು ಎಲ್ಲಿಂದ ರೀ?” ಅಂದಳು.

ಮೆಟ್ಟಿಲು ಇರಲಿಲ್ಲ. ಯಾಕೆಂದರೆ ನಕ್ಷೆಯಲ್ಲಿ ಮೆಟ್ಟಿಲು ಇರಲಿಲ್ಲ! ಊರಿಗೆಲ್ಲ ಕಟ್ಟಡ ಕಟ್ಟುವ ಮಹಾನುಭಾವರು ಸ್ವಂತ ಮನೆಗೆ ಮೆಟ್ಟಿಲು ಬರೆಯುವುದನ್ನು ಮರೆತಿದ್ದರು. ತೋಮಾಚ್ಚನ್ ಬೀಡಿಯನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿ, “ಬರೆದಿಲ್ಲ ಸಾರೇ. ಬೇಕಾದರೆ ಎಕ್ಸ್‌ಟ್ರಾ” ಅಂದ.

“ಮೆಟ್ಟಿಲು ಅನ್ನೋದು ಅಧ್ಯಾಹಾರ! ನೆಲಗಟ್ಟು ಅಂದ್ಮೇಲೆ ಅದರಲ್ಲಿ ಮೆಟ್ಟಿಲು ಬಂತು” ಅಂದರು ಭಾವ.

“ಸಾರ್ ಅದನ್ನು ಕರಾರಿನ ಯಾವ ಪುಟದಲ್ಲಿ ಬರೆದಿದ್ದೀರಿ?”

ಮರೆತೆ ಅನ್ನುವ ಮೂರಕ್ಷರ ಭಾವನ ಬಾಯಿಂದ ಬರಲಿಲ್ಲ. ಮೂರು ತಿಂಗಳು ನಾವೆಲ್ಲ ಒಂದು ಹಲಗೆ ಒರಗಿಸಿಕೊಂಡು ನಾಟಕದ ಕಂಪನಿಯವರ ಹಾಗೆ ಹತ್ತಿ ಇಳಿದೆವು. ನಾನು ಎರಡು ಸಲ ಜಾರಿಬಿದ್ದೆ. “ನೋಡಿ ನಡೀಬಾರ್ದೇನೋ” ಅಂತ ನನ್ನನ್ನೇ ಬೈದರು.

ಇದೇ ಹಲಗೆ ಹತ್ತಿ ಒಂದು ಭಾನುವಾರ ವೇಲಾಯುಧನ್ ಆಶಾರಿ ಬಂದ. ಆಶಾರಿ ಅಂದರೆ ಬಡಗಿ. ಹೆಂಚಿನ ಮಾಡಿಗೆ, ಅಂದರೆ ಸೂರಿಗೆ, ಮರಗೆಲಸ ಮಾಡಬೇಕಾದವನು. ಆದರೆ ಅಲ್ಲಿ ಹಿರಿಯ ಆಶಾರಿ ಬರಿಯ ಬಡಗಿಯಲ್ಲ, ಮನೆಯ ಜಾತಕ ನೋಡುವವನೂ ಹೌದು. ಎಪ್ಪತ್ತು ದಾಟಿದ ಮುದುಕ, ಕೈಯಲ್ಲಿ ಗೆರೆ ಕೊರೆದ ಒಂದು ಮರದ ಕೋಲು. ಗೋಡೆಗಳು ಆಗ ಎದೆಯೆತ್ತರ ಬಂದಿದ್ದವು. ಯಾರನ್ನೂ ಕೇಳದೆ ಪೂರ್ವದ ಕೋಣೆಯೊಳಗೆ ಹೋಗಿ, ಕೋಲು ಇಡುತ್ತ ಎತ್ತುತ್ತ ಒಂದು ಸುತ್ತು ಬಂದ. ಬೆರಳು ಮಡಚಿ ಲೆಕ್ಕ ಹಾಕಿದ. ಮುಖ ಸಪ್ಪಗಾಯಿತು.

“ಸಾರೇ, ಕೋಣೆಗೂ ಪ್ರಾಯ ಉಂಟು. ಒಳಸುತ್ತಿನ ಅಳತೆಯಿಂದ ಗೊತ್ತಾಗುತ್ತದೆ. ಬಾಲ್ಯ, ಕೌಮಾರ, ಯೌವನ, ವಾರ್ಧಕ್ಯ, ಮರಣ. ಈ ಕೋಣೆ ಐದನೆಯದರಲ್ಲಿ ಬಂದು ನಿಂತಿದೆ.”

ಅಕ್ಕನ ಕೈಯಲ್ಲಿ ಕಾಫಿ ಲೋಟ ಇತ್ತು. ಅದನ್ನು ಗೋಡೆಯ ಮೇಲಿಟ್ಟಳು.

“ಗಾಬರಿ ಬೇಡ ಮೋಳೇ” ಅಂದ ಮುದುಕ. ಅಲ್ಲಿಯ ಹಿರಿಯರು ಮಗಳೇ ಅನ್ನುವುದು ಹಾಗೆ. “ಈ ಒಂದು ಒಳಗೋಡೆ ಎರಡೇ ಬೆರಳು ಆಚೆಗೆ ಹೋದರೆ ಸಾಕು. ಮರಣ ದಾಟಿದ ಮೇಲೆ ಮತ್ತೆ ಬಾಲ್ಯವೇ ಬರುವುದು.”

ಎರಡು ಬೆರಳು! ಸ್ವಾಮಿ, ಎರಡು ಬೆರಳು! ಮಾಡಿನ ಭಾರವಿಲ್ಲದ ಒಂದು ಸಣ್ಣ ಒಳಗೋಡೆ. ಅವತ್ತೇ ನಾಲ್ಕು ಸಾಲು ಕೆಂಪುಕಲ್ಲು ಬಿಚ್ಚಿ ಸರಿಸಿದ್ದರೆ ಮುಗಿದುಹೋಗುತ್ತಿತ್ತು, ನಾನು ಈ ಪ್ರಬಂಧ ಬರೆಯುವ ಪ್ರಸಂಗವೂ ಬರುತ್ತಿರಲಿಲ್ಲ. ಭಾವ ಏನಂದರು ಗೊತ್ತೇ?

“ನಾವು ತಿಪಟೂರಿನವರು. ಈ ಶಾಸ್ತ್ರದ ವ್ಯಾಪ್ತಿ ನಮ್ಮ ಮೇಲೆ ಬರಲ್ಲ.”

“ಮನೆ ಇರೋದು ಎಲ್ಲಿ ರೀ?” ಅಂದಳು ಅಕ್ಕ.

“ಮನೆ ಇರೋದು ನಕ್ಷೇಲಿ! ಮಂಜೂರಾದ ನಕ್ಷೆ. ಅದರಿಂದ ಒಂದು ಕೂದಲು ಆಚೀಚೆ ಆಗೋ ಹಾಗಿಲ್ಲ.” ಮೆಟ್ಟಿಲಿಲ್ಲದ ಮಂಜೂರಾದ ನಕ್ಷೆ!

ತೋಮಾಚ್ಚನ್‌ನ ಅಭಿಪ್ರಾಯವೂ ಅದೇ ಆಗಿತ್ತು. ಇಡಿ ಗುತ್ತಿಗೆಯಲ್ಲಿ ಗೋಡೆ ಬಿಚ್ಚಿ ಮತ್ತೆ ಕಟ್ಟಿದರೆ ಅವನಿಗೆ ದಕ್ಕುವುದು ಬರೀ ಬೆವರು. “ಶಾಸ್ತ್ರವೆಲ್ಲ ಹಳೆಯ ಕಾಲದ್ದು ಚೇಚಿ, ನಮ್ಮ ಪಾದ್ರಿಗಳೂ ಇದನ್ನು ಒಪ್ಪುವುದಿಲ್ಲ” ಅಂತ ಅಕ್ಕನಿಗೆ ಬುದ್ಧಿ ಹೇಳಿದ. ಚೇಚಿ ಅಂದರೆ ಅಲ್ಲಿ ಅಕ್ಕ. ಆಶಾರಿ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಲಗೆ ಇಳಿದು ಹೋದ.

ಮೆಟ್ಟಿಲ ಜಗಳ ಎಲ್ಲಿಗೆ ಮುಟ್ಟಿತೆಂದರೆ ಇಡಿ ಗುತ್ತಿಗೆ ಮುರಿದೇಹೋಯಿತು. ಭಾವ ಹೊಸ ಕರಾರು ಬರೆದರು: ಅಳತೆ ಗುತ್ತಿಗೆ. ಕಟ್ಟಿದ್ದಕ್ಕೆ ತಕ್ಕ ದುಡ್ಡು, ಪ್ರತಿ ವಾರ ಅಳತೆ, ಅಳತೆಯೆಲ್ಲ ಒಂದು ದಪ್ಪ ಪುಸ್ತಕದಲ್ಲಿ ದಾಖಲು. ಸಹಿ ಹಾಕಿದವನು ಮತ್ತೆ ಅದೇ ತೋಮಾಚ್ಚನ್. ಸಾಕ್ಷಿ ಮತ್ತೆ ನಾನೇ.

ಮೇಸ್ತ್ರಿ ರಾತ್ರಿ ಬೆಳಗಾಗುವುದರೊಳಗೆ ಬೇರೆ ಮನುಷ್ಯನಾದ. ಸೋಮಾರಿತನ ಹೋಗಿ ಹುರುಪು ಬಂತು. ಮುಂದಿನ ಸಲ ನಾನು ಹೋಗಿ ನೋಡುತ್ತೇನೆ, ಮನೆಯ ಮುಂದೆ ಒಂಬತ್ತು ಮೆಟ್ಟಿಲು, ಹನ್ನೆರಡು ಅಡಿ ಅಗಲ! ಪಕ್ಕದ ಮನೆಯ ಹೆಂಗಸರು ಇದು ಕೊಳಕ್ಕೆ ಇಳಿಯುವ ಕಡವು ಅಂದುಕೊಂಡು ಬಟ್ಟೆಯ ಗಂಟಿನೊಂದಿಗೆ ನಿಂತಿದ್ದರಂತೆ. ಗೋಡೆಗೆ ಬಳಿದ ಗಾರೆ ಎರಡು ಅಂಗುಲ ದಪ್ಪ. ಕಿಟಕಿ ಇಡಬೇಕಾದ ಕಡೆ ಮೊದಲು ಗೋಡೆ ಕಟ್ಟಿ, ಅಳತೆಗೆ ಸೇರಿಸಿ, ಆಮೇಲೆ ಒಡೆದು ಕಿಟಕಿ ಇಟ್ಟಿದ್ದ.

ಪ್ರತಿ ಭಾನುವಾರ ಅಳತೆ ಪರೀಕ್ಷೆ. ನಾನು ಹೋದ ಭಾನುವಾರಗಳಲ್ಲಿ ಚರ್ಮದ ಡಬ್ಬಿಯ ಟೇಪಿನ ಸೊನ್ನೆಯ ಕಡೆ ನಾನು ಹಿಡಿಯಬೇಕು, ಇನ್ನೊಂದು ಕಡೆ ಭಾವ. ಅಷ್ಟು ದೂರ ರೈಲಿನಲ್ಲಿ ಹಸಿದುಕೊಂಡು ಬಂದದ್ದು ಸೊನ್ನೆ ಹಿಡಿಯುವುದಕ್ಕೆ! ಭಾವ ಮೀಟರಿನಲ್ಲಿ ಕೂಗುತ್ತಿದ್ದರು, ಯಾಕೆಂದರೆ ಸರ್ಕಾರ ಮೀಟರಿಗೆ ಬದಲಾಗಿತ್ತು. ತೋಮಾಚ್ಚನ್ ಅಡಿಯಲ್ಲಿ ಬರೆದುಕೊಳ್ಳುತ್ತಿದ್ದ. ಮಾಡಿನ ತೊಲೆ ಕೆತ್ತುತ್ತ ಕೂತ ಆಶಾರಿ ತನ್ನ ಕೋಲಿನ ಲೆಕ್ಕದಲ್ಲಿ ತಲೆಯಾಡಿಸುತ್ತಿದ್ದ. ಒಂದೇ ಗೋಡೆ ಮೂರು ಉದ್ದ ಇರುತ್ತಿತ್ತು. ನನಗೆ ಹೊಟ್ಟೆ ಚುರುಚುರು ಅನ್ನುತ್ತಿದ್ದರೆ ಇವರಿಗೆ ಕಿಟಕಿಯ ಜಾಗ ಕಳೆಯಬೇಕೋ ಬೇಡವೋ ಅಂತ ವಾಗ್ವಾದ. ಅಕ್ಕ ಕಳಿಸಿದ ಉಪ್ಪಿಟ್ಟು ಡಬ್ಬಿಯಲ್ಲೇ ಕಲ್ಲಾಗುತ್ತಿತ್ತು.

ಇನ್ನು ಪೂರ್ವದ ಕೋಣೆಯ ಒಳಗೋಡೆ? ಈಗ ಅದನ್ನು ಸರಿಸಲೇಬೇಕು ಅಂತ ಎಲ್ಲರಿಗಿಂತ ದೊಡ್ಡ ದನಿ ತೆಗೆದವನು ತೋಮಾಚ್ಚನ್! ಬಿಚ್ಚುವುದಕ್ಕೊಂದು ಅಳತೆ, ಕಟ್ಟುವುದಕ್ಕೊಂದು ಅಳತೆ. “ಹಿರಿಯರ ಶಾಸ್ತ್ರ ಸಾರೇ, ಆಟ ಆಡಬಾರದು. ಚೇಚಿಯ ಮನಸ್ಸಿಗೂ ಸಮಾಧಾನ” ಅಂದ. ಹೋದ ಸಲದ ಪಾದ್ರಿಗಳು ಎಲ್ಲಿ ಹೋದರೋ!

“ನೋಡಿದ್ಯೇನೋ, ಶಾಸ್ತ್ರ ಎಲ್ಲಿಂದ ಹುಟ್ಟುತ್ತೆ ಅಂತ?” ಅಂದರು ಭಾವ. “ಮುದುಕ ಮೇಸ್ತ್ರಿ ಇಬ್ರೂ ಸೇರ್ಕೊಂಡಿದಾರೆ.”

“ಭಾವ, ಅಕ್ಕನಿಗೋಸ್ಕರ...” ಅಂದೆ.

“ನಿನಗೆ ಕಟ್ಟಡದ ವಿಷಯ ಏನು ಗೊತ್ತು? ಸೊನ್ನೆ ಸರಿಯಾಗಿ ಹಿಡಿ.”

ಅಳತೆ ಗುತ್ತಿಗೆಯೂ ಒಡೆಯಿತು. ಮೂರನೆಯದು ಕೂಲಿ ಗುತ್ತಿಗೆ: ಕಲ್ಲು ಮರಳು ಸಿಮೆಂಟು ಎಲ್ಲ ಭಾವನದು, ಕೆಲಸ ಮಾತ್ರ ತೋಮಾಚ್ಚನ್‌ನದು. ಈಗ ಅವನ ಕೈ ಚಿರತೆಯಷ್ಟು ಚುರುಕು. ಬೇಗ ಮುಗಿಸಿದರೆ ಬೇಗ ಇನ್ನೊಂದು ಮನೆ. ನೆಟ್ಟಗಿರದ ಕಲ್ಲನ್ನು ನೆಟ್ಟಗೆ ಮಾಡುವ ಗೋಜಿಗೆ ಹೋಗದೆ ಪಕ್ಕಕ್ಕೆ ಎಸೆದು ಹೊಸದು ಎತ್ತಿಕೊಳ್ಳುತ್ತಿದ್ದ. ಸಿಮೆಂಟು ಆಗ ಪರ್ಮಿಟ್ಟಿಗೆ ಸಿಗುವ ವಸ್ತು. ಸೈಟಿನಲ್ಲಿಟ್ಟರೆ ಕಲಸಿ ಚೆಲ್ಲುತ್ತಾರೆ ಅಂತ ಭಾವ ಇಪ್ಪತ್ತು ಮೂಟೆಗಳನ್ನು ಬಾಡಿಗೆ ಮನೆಯ ನಡುಕೋಣೆಗೆ ತಂದು ಪೇರಿಸಿದರು. ಅಕ್ಕ ಮೂಟೆಗಳ ಸಂದಿಯಲ್ಲಿ ಚಾಪೆ ಹಾಸಬೇಕು. ಕೆಮ್ಮಿದರೆ ಬೂದಿ. ಪ್ರತಿದಿನ ಬೆಳಿಗ್ಗೆ ಭಾವ ಎರಡು ಮೂಟೆ ಸೈಕಲ್ ಮೇಲೆ ಹೇರಿಕೊಂಡು ಹೋಗುವುದು, ಮೇಸ್ತ್ರಿಯ ಎದುರು ಬಿಚ್ಚುವುದು. ಜೂನ್ ತಿಂಗಳ ಮಳೆ ಗಾಳಿಗೆ ಆರು ಮೂಟೆ ಅಲ್ಲೇ ಗಟ್ಟಿಯಾಗಿ ಮೂಟೆಯ ಆಕಾರದ ಬಂಡೆಗಳಾದವು. ಮನೆಯೊಡತಿ ಅವನ್ನು ಹೊರಗೆ ಹಾಕಿ ಅಂತ ಕೂಗಾಡಿದಳು. ಎತ್ತುವುದಕ್ಕೆ ನಾಲ್ಕು ಜನ ಬೇಕಾಯಿತು. ಆ ನಾಲ್ವರ ಜೊತೆಗೂ ಭಾವ ಕರಾರು ಮಾಡಿಕೊಂಡರು.

ಒಳಗೋಡೆಯ ಬಗ್ಗೆ ತೋಮಾಚ್ಚನ್ ಮತ್ತೆ ಪಕ್ಷ ಬದಲಿಸಿದ. ಒಂದೇ ಕೂಲಿಗೆ ಎರಡು ಸಲ ಗೋಡೆ ಕಟ್ಟುವ ಹುಚ್ಚು ಅವನಿಗೇನು? “ಪಟ್ಟಿಲ್ಲ ಸಾರೇ, ಆಗುವುದಿಲ್ಲ. ಕಲ್ಲು ಒಡೆದುಹೋಗುತ್ತವೆ, ನಿಮ್ಮ ಕಲ್ಲು.” ಭಾವ ಗೆದ್ದ ನಗು ನಕ್ಕರು. ಇಡೀ ಸೈಟಿನಲ್ಲಿ ಮಾತು ಬದಲಿಸದೆ ಇದ್ದವನು ಆಶಾರಿ ಒಬ್ಬನೇ. ಪ್ರತಿ ಸಲವೂ ಕೋಲಿಟ್ಟು, “ಎರಡೇ ಬೆರಳು ಸಾರೇ” ಅನ್ನುತ್ತಿದ್ದ. ಅಕ್ಕ ಸೈಟಿಗೆ ಬಂದಾಗಲೆಲ್ಲ ಹಜಾರದವರೆಗೆ ಬಂದು ನಿಲ್ಲುತ್ತಿದ್ದಳು, ಪೂರ್ವದ ಕೋಣೆಯ ಹೊಸಿಲು ದಾಟುತ್ತಿರಲಿಲ್ಲ.

ಆ ಹೊತ್ತಿಗೆ ಅಕ್ಕನಿಗೆ ಮೂರು ತಿಂಗಳಾಗಿತ್ತು. ಏಳು ವರ್ಷದಲ್ಲಿ ಮೂರನೆಯ ಬಸಿರು. “ಯಾರಿಗೂ ಹೇಳ್ಬೇಡ” ಅಂತ ನನಗೆ ಹೇಳಿದಳು. ಹೇಳುವಾಗ ನಗಲೂ ಇಲ್ಲ.

ನಾನು ಧೈರ್ಯ ಮಾಡಿ ಭಾವನಿಗೆ ಹೇಳಿದೆ, “ಈಗಲಾದ್ರೂ ಆ ಗೋಡೆ ಸರಿಸಿಬಿಡಿ ಭಾವ, ನಿಮ್ಮ ಕಾಲಿಗೆ ಬೀಳ್ತೀನಿ.”

“ಈಗಂತೂ ಸರಿಸಲ್ಲ” ಅಂದರು. “ಈಗ ಸರಿಸಿದ್ರೆ ಭಯ ನಿಜ ಅಂತ ಅವಳಿಗೆ ಖಾತ್ರಿ ಆಗುತ್ತೆ. ನಾನು ಅವಳ ಭಯ ತೆಗೀಬೇಕು ಅಂತ ಇದೀನಿ, ಗೋಡೆ ಅಲ್ಲ.”

ಇಂಥ ಮನುಷ್ಯನ ಹತ್ತಿರ ಏನು ಮಾತಾಡುತ್ತೀರಿ?

ನಾಲ್ಕನೆಯ ಹಾಗೂ ಕಡೆಯ ಪದ್ಧತಿ ಖುದ್ದು ಕೆಲಸ. ಗುತ್ತಿಗೆಯೇ ಇಲ್ಲ. ದಿನಗೂಲಿ ಜನ, ಮೇಲ್ವಿಚಾರಣೆ ಸ್ವತಃ ಭಾವ. ರಜೆ ಹಾಕಿದರು. ಬೆಳಿಗ್ಗೆ ಎಂಟಕ್ಕೆ ಹಾಜರಿ ಕೂಗುವುದು, ಮಧ್ಯಾಹ್ನ ಮತ್ತೊಮ್ಮೆ. ತೋಮಾಚ್ಚನ್ ನಾಲ್ಕನೇ ಸಲ ಹೊಸ ಮನುಷ್ಯನಾಗಲು ಶಕ್ತಿ ಸಾಲದೆ, “ಇಲ್ಲೇ ಇದ್ದೇನೆ ಸಾರೇ, ಎಲ್ಲಿಗೆ ಹೋಗುತ್ತೇನೆ” ಅನ್ನುತ್ತಿದ್ದ. ಕರಿ ಕೊಡೆ ಬಿಚ್ಚಿಕೊಂಡು ಭಾವ ಒಬ್ಬೊಬ್ಬರ ಬೆನ್ನ ಹಿಂದೆಯೂ ನಿಲ್ಲುವರು. ಬೀಡಿ ಹಚ್ಚಿದರೆ ಗಡಿಯಾರ ನೋಡುವರು. ಕರಣೆ ಎತ್ತಿದರೆ “ಹೂಂ” ಅನ್ನುವರು, ಇಳಿಸಿದರೆ “ಊಹೂಂ” ಅನ್ನುವರು.

ಐದನೇ ದಿನ ಮರಳಿನ ಗುಡ್ಡೆಯ ಮೇಲೆ ಕೆಂಪು ಬಾವುಟ ಎದ್ದಿತು. ಕೇರಳದಲ್ಲಿ ಇದ್ದೂ ಅಷ್ಟು ತಡವಾದದ್ದೇ ಆಶ್ಚರ್ಯ! ಕೆಲಸದವರು ಹನ್ನೆರಡು ಅಡಿ ಅಗಲದ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಆಗ ಆ ಅಗಲ ಉಪಯೋಗಕ್ಕೆ ಬಂತು. ಭಾವ ಕಾಗದ ಪೆನ್ನು ಹಿಡಿದು ಸಂಧಾನಕ್ಕೆ ಕೂತರು. ಕೂಲಿ ಜಾಸ್ತಿ ಕೇಳುತ್ತಾರೆ, ಹೊತ್ತು ಕಡಿಮೆ ಕೇಳುತ್ತಾರೆ ಅಂತ ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದರು.

“ನಮ್ಮದು ಒಂದೇ ಬೇಡಿಕೆ” ಅಂದ ತೋಮಾಚ್ಚನ್. “ಸಾರ್ ಕೊಡೆ ಹಿಡಿದುಕೊಂಡು ನಮ್ಮ ಬೆನ್ನ ಹಿಂದೆ ನಿಲ್ಲಬಾರದು.”

ಕೊಡೆ ಮಡಚಿತು, ಮುಷ್ಕರ ಮುಗಿಯಿತು. ಹೆಂಚು ಹೊದಿಸಿ, ನೆಲಕ್ಕೆ ಗಾರೆ ಹಾಕಿ, ಗೋಡೆಗೆ ಸುಣ್ಣ ಬಳಿದು, ಅಂತೂ ನಾಲ್ಕನೆಯ ವರ್ಷ ಮನೆ ಮುಗಿಯಿತು. ಒಳಗೋಡೆ ಮಾತ್ರ ನಕ್ಷೆಯಲ್ಲಿ ಇದ್ದಲ್ಲೇ ಇತ್ತು. ಅಕ್ಕನಿಗೆ ಏಳನೆಯ ತಿಂಗಳು. ಬಸುರಿ ಇರುವಾಗ ಗೃಹಪ್ರವೇಶ ಬೇಡ, ತಿಪಟೂರಿಗೆ ಬಾಣಂತನಕ್ಕೆ ಹೋಗಿ ಮಗು ಎತ್ತಿಕೊಂಡು ಬಂದ ಮೇಲೆ ಮಾಡೋಣ ಅಂತ ತೀರ್ಮಾನವಾಯಿತು. ಹೊರಡುವ ಹಿಂದಿನ ವಾರ ಅಕ್ಕ ಕೇಳಿದಳು, “ರೀ, ಆ ಗೋಡೆ...”

ಭಾವ ಪುರಾವೆ ತಯಾರಿಸಲು ಹೋದರು.

ಅದೇನು ಪುರಾವೆ ಅಂತೀರಾ? ಕೇಳಿ. ಆಶಾರಿಯ ಕೋಲಿನ ತದ್ರೂಪು ಒಂದನ್ನು ಮಾಡಿಸಿದರು. ಯಾವ ಅಳತೆಗೆ ಯಾವ ಪ್ರಾಯ ಅನ್ನುವ ಲೆಕ್ಕವನ್ನು ಮುದುಕನಿಂದಲೇ ಉಪಾಯವಾಗಿ ಕೇಳಿ ತಿಳಿದುಕೊಂಡರು. ಭಾನುವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿ, ಬಾಡಿಗೆ ಮನೆಯ ನಡುಕೋಣೆಯನ್ನು ನನ್ನ ಕೈಲಿ ಅಳೆಸಿದರು. ಮೂಲೆಯಿಂದ ಮೂಲೆಗೆ ತೆವಳಿದೆ. ಹಾಳಾದ ಕೋಲು, ಹಾಳಾದ ಲೆಕ್ಕ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಯಾಕೆ ಅಳೆಯುತ್ತಿದ್ದೇವೆ ಅಂತ ನನಗೆ ತಲೆಗೆ ಹೋಗಿರಲಿಲ್ಲ. ಹೋಗಿದ್ದರೆ ಕೋಲನ್ನು ಅಲ್ಲೇ ಮುರಿಯುತ್ತಿದ್ದೆ. ಭಾವ ಕೂಡಿದರು, ಭಾಗಿಸಿದರು, ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಓಡಿದರು.

“ಲೇ, ಇಲ್ಲಿ ನೋಡೇ! ಈ ನಡುಕೋಣೆ ಸುತ್ತಳತೆ ಯೌವನ ಕಣೇ, ಅಪ್ಪಟ ಯೌವನ! ಶಾಸ್ತ್ರದ ಪ್ರಕಾರ ಒಳ್ಳೇ ಕೋಣೆ! ಅಂದ್ಮೇಲೆ ಶಾಸ್ತ್ರ ಸುಳ್ಳು ಅಂತ ಆಯ್ತಲ್ಲ? ಇದೇ ಕೋಣೇಲಿ ತಾನೇ ನಮ್ಮ ಎರಡೂ...”

ಅಷ್ಟಕ್ಕೆ ನಿಂತರು. ತಾವೇನು ಹೇಳುತ್ತಿದ್ದೇವೆ ಅನ್ನುವುದು ಅವರಿಗೆ ಅವರ ದನಿ ಕೇಳಿದ ಮೇಲೆ ಗೊತ್ತಾಯಿತು. ಪುಸ್ತಕ ತೆರೆದೇ ಇತ್ತು.

ಅಕ್ಕ ಹೆಂಚಿನ ಮೇಲಿನ ದೋಸೆ ಮಗುಚಿದಳು. “ಆಯ್ತು ಬಿಡಿ” ಅಂದಳು. “ಗೋಡೆ ಅಲ್ಲೇ ಇರ್ಲಿ. ನಾನಿನ್ನು ಕೇಳಲ್ಲ.”

“ಭಾವ, ನಿಮಗೆ ಬುದ್ಧಿ ನೆಟ್ಟಗಿದ್ಯಾ?” ಅಂತ ಕೂಗಿದೆ. ಅವರ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು. ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ. ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಆ ವಾರವೆಲ್ಲ ಅವರು ಅಕ್ಕನ ಜೊತೆ ಜಗಳಕ್ಕೆ ಹಾತೊರೆದರು ಅಂದರೆ ನಂಬುತ್ತೀರಾ? “ಏನೇ, ಗೋಡೆ ವಿಷಯ ಏನೂ ಹೇಳ್ತಾ ಇಲ್ವಲ್ಲ” ಅನ್ನುವರು. “ಇರ್ಲಿ ಬಿಡಿ” ಅನ್ನುವಳು. ಸ್ಟೇಷನ್ನಿನಲ್ಲಿ ರೈಲಿನ ಕಿಟಕಿ ಹಿಡಿದುಕೊಂಡು, “ಮಗು ಎತ್ಕೊಂಡು ಹೊಸ ಮನೆಗೇ ಬರ್ತೀಯ ತಾನೇ?” ಅಂದರು. “ಹೂಂ, ಆಯ್ತು” ಅಂದಳು ಅಕ್ಕ. ಆಗುವುದಿಲ್ಲ ಅಂದವರಿಗೆ ಕೊಡಲು ಭಾವನ ಹತ್ತಿರ ನೋಟೀಸುಗಳಿದ್ದವು, ಕಲಮುಗಳಿದ್ದವು. ಆಯ್ತು ಅಂದವಳಿಗೆ ಏನು ಕೊಡುವುದು ಅಂತ ಗೊತ್ತಾಗದೆ ಎರಡು ಡಜನ್ ಬಾಳೆಹಣ್ಣು ಕೊಟ್ಟರು.

ಅಕ್ಕನನ್ನು ತಿಪಟೂರಿಗೆ ಮುಟ್ಟಿಸಿ ನಾನು ಕೊಚ್ಚಿಗೆ ಬಂದ ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ‘ಭಾನುವಾರ ಬಾ. ಹಳೆ ಬಟ್ಟೆ ತಾ.’ ಇನ್ನೇನು ಹೊಸ ಕರಾರೋ, ಯಾವ ಸಾಕ್ಷಿಯೋ ಅಂತ ಗೊಣಗಿಕೊಂಡು ಹೋದೆ.

ಪೂರ್ವದ ಕೋಣೆಯ ಒಳಗೋಡೆ ನೆಲದಲ್ಲಿತ್ತು. ಕೆಂಪುಕಲ್ಲಿನ ಧೂಳಿನಲ್ಲಿ ಒಬ್ಬ ಮನುಷ್ಯ ತಲೆಗೆ ಪಂಚೆ ಸುತ್ತಿಕೊಂಡು ಗಾರೆ ಕೆರೆಯುತ್ತಿದ್ದ. ಯಾರೋ ಹೊಸ ಕೂಲಿಯವನು ಅಂದುಕೊಂಡೆ. ತಿರುಗಿದಾಗ ನೋಡಿದರೆ ಭಾವ! ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು, ಬೊಬ್ಬೆ ಒಡೆದು ರಕ್ತ ಕಲೆಯಾಗಿತ್ತು.

“ಹತ್ತು ದಿನದಿಂದ ಇದೇ ಕೆಲಸ” ಅಂದ ಪಕ್ಕದಲ್ಲಿ ಕೂತ ತೋಮಾಚ್ಚನ್. “ಸಂಜೆ ಆಫೀಸಿನಿಂದ ಬಂದು ಒಡೆಯುತ್ತಾರೆ. ಒಂದೇ ಗಂಟೆಯಲ್ಲಿ ನಾನು ಬೀಳಿಸಿಕೊಡುತ್ತೇನೆ ಸಾರೇ ಅಂದರೆ ಕೇಳುವುದಿಲ್ಲ. ಕಲ್ಲು ಒಡೆಯಬಾರದಂತೆ, ಅದೇ ಕಲ್ಲು ಮತ್ತೆ ಇಡಬೇಕಂತೆ.”

“ಶಾಸ್ತ್ರ ನಂಬಿದ್ರಾ ಭಾವ?”

“ಶಾಸ್ತ್ರ ಯಾವನು ನಂಬ್ತಾನೋ! ಈಗ್ಲೂ ಹೇಳ್ತೀನಿ, ಆ ಮುದುಕನ ಲೆಕ್ಕ ತಪ್ಪು.”

“ಮತ್ತೆ?”

“ಮತ್ತೆ ಏನು ಮತ್ತೆ? ಬಂದೋನು ಒಂದು ಕಲ್ಲು ಎತ್ಕೊಡು.”

ಎತ್ತಿಕೊಟ್ಟೆ. ಮಧ್ಯಾಹ್ನಕ್ಕೆ ಆಶಾರಿ ಬಂದು ದಾರ ಕಟ್ಟಿದ. ಆಗಲೂ ಸುಮ್ಮನಿದ್ದರು ಅಂದುಕೊಳ್ಳಬೇಡಿ. ಎರಡು ಬೆರಳು ಅಂದರೆ ಆರು ಸೆಂಟಿಮೀಟರೋ, ಎರಡೂವರೆ ಅಂಗುಲವೋ, ಯಾರ ಬೆರಳೋ ಅಂತ ಮೂವರೂ ಅರ್ಧ ಗಂಟೆ ಕಿತ್ತಾಡಿದರು. ಕಡೆಗೆ ಭಾವ, “ಮುದುಕ ಹೇಳಿದ ಹಾಗೇ ಇಡು ಮಾರಾಯ” ಅಂದುಬಿಟ್ಟರು. ತೋಮಾಚ್ಚನ್ ಕೆಳಗೆ ಬಿದ್ದ ಬೀಡಿಯನ್ನು ಎತ್ತಿಕೊಳ್ಳುವುದನ್ನೂ ಮರೆತು ಅವರ ಮುಖ ನೋಡಿದ.

ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ನಾಲ್ಕು ತಿಂಗಳು ತುಂಬಿದ ಮೇಲೆ ಬಂದಳು. ಗೋಡೆಯ ಸಂಗತಿ ಅವಳಿಗೆ ಬರೆಯಕೂಡದು ಅಂತ ಭಾವ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಗೃಹಪ್ರವೇಶದ ದಿನ ಅಕ್ಕ ಬಲಗಾಲಿಟ್ಟು ಒಳಗೆ ಬಂದಳು, ಹಾಲು ಉಕ್ಕಿಸಿದಳು, ಬಂದವರನ್ನು ಮಾತಾಡಿಸಿದಳು. ಪೂರ್ವದ ಕೋಣೆಯ ಹೊಸಿಲಿನವರೆಗೆ ಬಂದು ಮಗುವನ್ನು ಎದೆಗೊತ್ತಿಕೊಂಡು ನಿಂತಳು. ಆಶಾರಿ ಅವಳನ್ನು ದಾಟಿಕೊಂಡು ಒಳಗೆ ಹೋದ. ಕೋಲು ಇಟ್ಟು ಎತ್ತಿ, ಇಟ್ಟು ಎತ್ತಿ, ಒಂದು ಸುತ್ತು ಬಂದು ಎದ್ದು ನಿಂತ. “ಬಾಲ್ಯ, ಮೋಳೇ” ಅಂದ. “ಬಾಲ್ಯದ ಕೋಣೆ.”

ಅಕ್ಕ ಗಂಡನ ಕಡೆ ತಿರುಗಿದಳು.

“ಅವನ ಕೋಲು ಸವೆದಿರಬೇಕು” ಅಂದರು ಭಾವ, ಮಾಡಿನ ಕಡೆ ನೋಡುತ್ತ. “ಹಳೇ ಕೋಲು.”

ಒಂದು ಗೋಡೆಯ ಸುಣ್ಣ ಮಾತ್ರ ಹೊಸದಾಗಿ ಬೆಳ್ಳಗಿತ್ತು. ಅಕ್ಕ ಆ ಗೋಡೆ ನೋಡಿದಳು, ಭಾವನ ಅಂಗೈಯಲ್ಲಿ ಉಳಿದಿದ್ದ ಕಲೆ ನೋಡಿದಳು. ಒಳಗೆ ಹೋಗಿ, ಚಾಪೆ ಹಾಸಿ, ಮಗುವನ್ನು ಮಲಗಿಸಿ, ಪಕ್ಕದಲ್ಲಿ ರೇಷ್ಮೆ ಸೀರೆಯಲ್ಲೇ ಮಲಗಿಕೊಂಡಳು.

ಹಿತ್ತಿಲಿನಲ್ಲಿ ಎಲೆ ಹಾಕಿ ಆಗಿತ್ತು. ಅಕ್ಕನೇ ಇಲ್ಲದೆ ಊಟಕ್ಕೆ ಕೂರುವುದು ಹೇಗೆ ಅಂತ ಕರೆಯಲು ಹೋದೆ. ಭಾವ ಆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು.

“ಎಬ್ಬಿಸ್ಲಾ?” ಅಂದೆ.

“ಮುಟ್ಟಿದ್ರೆ ಕೈ ಮುರೀತೀನಿ” ಅಂದರು ಪಿಸುದನಿಯಲ್ಲಿ. ಆಮೇಲೆ ನನ್ನ ತೋಳು ಹಿಡಿದು ಬಗ್ಗಿಸಿದರು. “ಕೇಳೋ.”

ಒಳಗೆ ಅಕ್ಕ ಗೊರಕೆ ಹೊಡೆಯುತ್ತಿದ್ದಳು. ಸಣ್ಣ ಪುಟ್ಟ ಗೊರಕೆಯಲ್ಲ, ಹಜಾರಕ್ಕೆಲ್ಲ ಕೇಳಿಸುವ ಗೊರಕೆ.

“ಏಳು ವರ್ಷ ಆಯ್ತು ಕಣೋ” ಅಂದರು ಭಾವ. “ಮೊದಲ್ನೇದು ಹೋದಾಗಿನಿಂದ ಅವಳು ಹೀಗೆ ಕಣ್ಣು ಮುಚ್ಚಿದ್ದು ನಾನು ನೋಡಿಲ್ಲ. ನನಗೆ ನಿದ್ದೆ ಬಂದಿದೆ ಅಂತ ತಿಳ್ಕೊಂಡು ಎದ್ದು ಕೂತಿರೋಳು. ನಾನೂ ನಿದ್ದೆ ಬಂದೋನ ಹಾಗೆ ಬಿದ್ಕೊಂಡಿರ್ತಿದ್ದೆ.”

ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನಾಲ್ಕು ವರ್ಷ ಕೂಡಿಟ್ಟುಕೊಂಡಿದ್ದ ನನ್ನ ಸಿಟ್ಟಿಗೆ ಏನಾಯಿತೋ ನನಗೇ ತಿಳಿಯಲಿಲ್ಲ. ಬಡಿಸುವುದು ಸ್ವಲ್ಪ ತಡವಾಗುತ್ತದೆ, ದಯವಿಟ್ಟು ಯಾರೂ ಜೋರಾಗಿ ಮಾತಾಡಬೇಡಿ ಅಂತ ಹೇಳಲು ನಾನು ಹಿತ್ತಿಲಿಗೆ ಹೋದೆ.